ಕಂಟ್ರಿ ಹಾಡು ಯಾವ ಪಕ್ಷದ್ದು?

1976ರ ಬೆಲ್‌ಫಾಸ್ಟ್. ಕ್ಯಾಥೊಲಿಕರು ಮತ್ತು ಪ್ರಾಟೆಸ್ಟಂಟರ ನಡುವಿನ ಹಗೆ ಉತ್ತರ ಐರ್ಲೆಂಡಿನ ಈ ರಾಜಧಾನಿಯನ್ನು ಸೀಳಿಹಾಕಿದ್ದ ಕಾಲ ಅದು. ಬಾಂಬು, ಗುಂಡು, ಸೈನಿಕರ ತಪಾಸಣೆ ನಿತ್ಯದ ಮಾತಾಗಿತ್ತು. ಹಿಂದಿನ ವರ್ಷದ ಜುಲೈನಲ್ಲಿ ಮಯಾಮಿ ಶೋಬ್ಯಾಂಡ್ ಎಂಬ ಜನಪ್ರಿಯ ತಂಡ ಕಾರ್ಯಕ್ರಮ ಮುಗಿಸಿ ಡಬ್ಲಿನ್ ಕಡೆಗೆ ಹೊರಟಿದ್ದಾಗ ಬಂದೂಕುಧಾರಿಗಳು ದಾರಿಯಲ್ಲೇ ವಾಹನ ತಡೆದು ಮೂವರು ಕಲಾವಿದರನ್ನು ಕೊಂದಿದ್ದರು. ಹೊರದೇಶದ ಗಾಯಕರು ಆ ಊರಿನತ್ತ ತಲೆ ಹಾಕಲೂ ಹಿಂಜರಿಯುತ್ತಿದ್ದರು. ಅಂಥ ಹೊತ್ತಿನಲ್ಲಿ ಅಮೆರಿಕದ ಚಾರ್ಲಿ ಪ್ರೈಡ್ ಅಲ್ಲಿನ ರಿಟ್ಜ್ ಚಿತ್ರಮಂದಿರದಲ್ಲಿ ಹಾಡಲು ಒಪ್ಪಿಕೊಂಡರು. ಕೇಳಲು ಎರಡೂ ಕಡೆಯ ಜನ ಬಂದು ಒಂದೇ ಸೂರಿನಡಿ ಕುಳಿತರು. ಅವರ 'ಕ್ರಿಸ್ಟಲ್ ಶಾಂಡಲಿಯರ್ಸ್' ಹಾಡು ಆಮೇಲೆ ಎರಡೂ ಸಮುದಾಯಗಳ ಮದುವೆ ಮನೆಗಳಲ್ಲಿ, ಕುಣಿತದ ಕೂಟಗಳಲ್ಲಿ ಮೊಳಗಿತು.

ಚಾರ್ಲಿ ಪ್ರೈಡ್ ಹಾಡುತ್ತಿದ್ದುದು ಕಂಟ್ರಿ ಸಂಗೀತ. ಅಮೆರಿಕದಲ್ಲಿ ಇದಕ್ಕೆ 'ಬಿಳಿಯರ ಹಾಡು', 'ಹಳ್ಳಿಗರ ಹಾಡು', ಈಚೆಗೆ 'ರಿಪಬ್ಲಿಕನ್ನರ ಹಾಡು' ಎಂಬ ಹಣೆಪಟ್ಟಿಗಳು ಅಂಟಿಕೊಂಡಿವೆ. ಆದರೆ ಪ್ರೈಡ್ ಕಪ್ಪು ಜನಾಂಗದವರು. ಮಿಸಿಸಿಪ್ಪಿ ರಾಜ್ಯದ ಸ್ಲೆಡ್ಜ್ ಎಂಬ ಹಳ್ಳಿಯಲ್ಲಿ, ಬೇರೆಯವರ ಹತ್ತಿ ಹೊಲವನ್ನು ಕೋರಿಗೆ ಮಾಡುತ್ತಿದ್ದ ಕುಟುಂಬದಲ್ಲಿ ಹುಟ್ಟಿದವರು.

ಹಣೆಪಟ್ಟಿ ಹೀಗಿದ್ದೂ ಹಾಡುವವರು, ಕೇಳುವವರು ಬಗೆಬಗೆಯವರಾಗಿರುವುದು ಆಕಸ್ಮಿಕವಲ್ಲ. ಅಮೆರಿಕದಲ್ಲಿ ಕಂಟ್ರಿ ಹಾಡುಗಳನ್ನೇ ಪ್ರಸಾರ ಮಾಡುವ ರೇಡಿಯೊ ಕೇಂದ್ರಗಳು ಸುಮಾರು 2,000 ಇವೆ. ಲಾರಿ ಚಾಲಕರು, ನರ್ಸುಗಳು, ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು, ಗಣಿ ಕಾರ್ಮಿಕರು, ಷೇರುಪೇಟೆಯ ಉದ್ಯೋಗಿಗಳು, ಮೀಸಲು ಪ್ರದೇಶಗಳಲ್ಲಿರುವ ಮೂಲನಿವಾಸಿಗಳು ಎಲ್ಲರೂ ಕೇಳುತ್ತಾರೆ. ಚುನಾವಣೆಯಲ್ಲಿ ಒಬ್ಬರ ಮುಖ ಒಬ್ಬರು ನೋಡದವರು ಹಾಡಿನ ವಿಷಯಕ್ಕೆ ಬಂದರೆ ಒಂದೇ ಕ್ಯಾಸೆಟ್ಟಿನ ಗಿರಾಕಿಗಳು. ಇಷ್ಟು ಬಗೆಯ ಜನರನ್ನು ಈ ಸಂಗೀತ ಹೇಗೆ ಹಿಡಿದಿಟ್ಟಿತು ಎಂಬುದನ್ನು ತಿಳಿಯಲು ಅದು ಹುಟ್ಟಿದ ಜಾಗಕ್ಕೆ ಹೋಗಬೇಕು.

ಬ್ರಿಸ್ಟಲ್‌ನ ಟೋಪಿ ಗೋದಾಮು

ಬ್ರಿಸ್ಟಲ್ ಎರಡು ರಾಜ್ಯಗಳ ಗಡಿಯ ಮೇಲೆ ಕುಳಿತ ಊರು. ಅದರ ಮುಖ್ಯರಸ್ತೆಯ ಒಂದು ಬದಿ ಟೆನೆಸಿ, ಇನ್ನೊಂದು ಬದಿ ವರ್ಜೀನಿಯಾ. 1927ರ ಬೇಸಿಗೆಯಲ್ಲಿ ವಿಕ್ಟರ್ ಎಂಬ ಧ್ವನಿಮುದ್ರಿಕೆ ಕಂಪನಿಯ ಪರವಾಗಿ ರಾಲ್ಫ್ ಪಿಯರ್ ಅಲ್ಲಿಗೆ ಬಂದು, ಟೋಪಿ ಕಂಪನಿಯೊಂದರ ಗೋದಾಮಿನಲ್ಲಿ ಧ್ವನಿಮುದ್ರಣ ಯಂತ್ರ ಹೂಡಿದರು. ಗುಡ್ಡಗಾಡಿನ ಹಾಡುಗಾರರು ಬಂದು ಸಾಲು ನಿಂತರು. ಅಲ್ಲಿ ಮೊದಲ ಬಾರಿಗೆ ಹಾಡಿದವರಲ್ಲಿ ಎ.ಪಿ. ಕಾರ್ಟರ್, ಸಾರಾ ಮತ್ತು ಮೇಬೆಲ್ ಎಂಬ ಮೂವರ 'ಕಾರ್ಟರ್ ಫ್ಯಾಮಿಲಿ' ಇತ್ತು. ರೈಲ್ವೆಯಲ್ಲಿ ದುಡಿದು ಕ್ಷಯ ಅಂಟಿಸಿಕೊಂಡಿದ್ದ ಜಿಮ್ಮಿ ರಾಜರ್ಸ್ ಇದ್ದರು. ಕಂಟ್ರಿ ಸಂಗೀತದ ಚರಿತ್ರೆ ಬರೆಯುವವರು ಆ ಕೆಲವು ದಿನಗಳನ್ನು ಅದರ ನಾಮಕರಣದ ದಿನಗಳೆಂದೇ ಎಣಿಸುತ್ತಾರೆ.

ಆ ಗೋದಾಮಿನಲ್ಲಿ ಮೊಳಗಿದ ವಾದ್ಯಗಳ ಮೂಲ ಒಂದೊಂದೂ ಒಂದೊಂದು ಕಡೆಯದು. ಪಿಟೀಲು ಸ್ಕಾಟ್ಲೆಂಡ್, ಐರ್ಲೆಂಡ್, ಇಂಗ್ಲೆಂಡುಗಳಿಂದ ವಲಸೆ ಬಂದವರ ಜೊತೆ ಬಂತು. ಬ್ಯಾಂಜೊದ ಬೇರು ಪಶ್ಚಿಮ ಆಫ್ರಿಕದಲ್ಲಿದೆ. ಸಂಕೋಲೆಯಲ್ಲಿ ಹಡಗು ಹತ್ತಿಸಿ ತಂದ ಜನ ಸೋರೆಬುರುಡೆಗೆ ಚರ್ಮ ಬಿಗಿದು ಅದನ್ನು ಹೊಸ ನೆಲದಲ್ಲಿ ಮತ್ತೆ ಕಟ್ಟಿಕೊಂಡರು. ಮುಂದೆ ಕಂಟ್ರಿಯ ಗುರುತೇ ಆದ, ಎಳೆದೆಳೆದು ಅಳುವ ಸ್ಟೀಲ್ ಗಿಟಾರು ಹವಾಯಿ ದ್ವೀಪದ್ದು. ಜಿಮ್ಮಿ ರಾಜರ್ಸ್ ದನಿಯನ್ನು ಒಡೆದೊಡೆದು ಹಾಡುತ್ತಿದ್ದ ಯೋಡಲ್ ಆಲ್ಪ್ಸ್ ಪರ್ವತದ ದನಗಾಹಿಗಳದು.

ಕಲಿತ ದಾರಿಯೂ ಬೆರಕೆಯದೇ. ಎ.ಪಿ. ಕಾರ್ಟರ್ ಊರೂರು ಸುತ್ತಿ ಹಳೆಯ ಹಾಡು ಸಂಗ್ರಹಿಸುವಾಗ ಜೊತೆಗಿದ್ದು ಮಟ್ಟುಗಳನ್ನು ನೆನಪಿಟ್ಟುಕೊಂಡವರು ಲೆಸ್ಲಿ ರಿಡಲ್ ಎಂಬ ಕಪ್ಪು ಗಿಟಾರ್ ವಾದಕ. ಅಲಬಾಮಾದ ಬೀದಿಗಳಲ್ಲಿ ಮುಂದೆ ಕಂಟ್ರಿಯ ದಿಗ್ಗಜನಾದ ಹುಡುಗ ಹ್ಯಾಂಕ್ ವಿಲಿಯಮ್ಸ್‌ಗೆ ಪಾಠ ಹೇಳಿದವರು ರೂಫಸ್ ಪೇನ್ ಎಂಬ ಕಪ್ಪು ಬೀದಿ ಗಾಯಕ. ಜಿಮ್ಮಿ ರಾಜರ್ಸ್ 1930ರಲ್ಲಿ ಜಾಝ್ ದಿಗ್ಗಜ ಲೂಯಿ ಆರ್ಮ್‌ಸ್ಟ್ರಾಂಗ್ ಜೊತೆ ಕೂತು ಧ್ವನಿಮುದ್ರಿಕೆ ಮಾಡಿದರು.

ಹಾಡುಗಾರರು ಹೀಗೆ ಕೊಟ್ಟು ತೆಗೆದುಕೊಳ್ಳುತ್ತಿದ್ದರೆ, ಕಂಪನಿಗಳು ಮಾರಾಟದ ಅನುಕೂಲಕ್ಕೆ ಗೋಡೆ ಎಬ್ಬಿಸಿದವು. ಕಪ್ಪು ಗಾಯಕರ ತಟ್ಟೆಗಳನ್ನು 'ರೇಸ್ ರೆಕಾರ್ಡ್ಸ್' ಎಂದೂ, ಬಡ ಬಿಳಿಯರ ತಟ್ಟೆಗಳನ್ನು 'ಹಿಲ್‌ಬಿಲಿ' ಎಂದೂ ಬೇರೆ ಬೇರೆ ಪಟ್ಟಿಗಳಲ್ಲಿ ಅಚ್ಚು ಹಾಕಿ ಮಾರಿದವು. ಎಷ್ಟೋ ಬಾರಿ ಎರಡೂ ಪಟ್ಟಿಗಳಲ್ಲಿ ಅದೇ ಹಾಡು, ಅದೇ ಮಟ್ಟು. ಕಂಟ್ರಿ ಒಂದೇ ಬಣ್ಣದವರ ಸೊತ್ತು ಎಂಬ ನಂಬಿಕೆಗೆ ಬುನಾದಿ ಬಿದ್ದದ್ದು ಈ ವ್ಯಾಪಾರದ ಲೆಕ್ಕಾಚಾರದಲ್ಲಿ.

ವಿಮಾ ಕಂಪನಿಯ ರೇಡಿಯೊ

ಹಾಡನ್ನು ಗುಡ್ಡಗಾಡಿನಿಂದ ಹೊರಗೆ ಹೊತ್ತು ತಂದದ್ದು ರೇಡಿಯೊ. ನ್ಯಾಶ್‌ವಿಲ್‌ನ ಡಬ್ಲ್ಯುಎಸ್‌ಎಂ ಕೇಂದ್ರ ಒಂದು ವಿಮಾ ಕಂಪನಿಯದಾಗಿತ್ತು. 1925ರ ನವೆಂಬರಿನಲ್ಲಿ ಅದು ಶುರುಮಾಡಿದ ಶನಿವಾರ ರಾತ್ರಿಯ ಹಾಡಿನ ಕಾರ್ಯಕ್ರಮ ಮುಂದೆ 'ಗ್ರ್ಯಾಂಡ್ ಓಲ್ ಆಪ್ರಿ' ಎಂದು ಹೆಸರಾಯಿತು. ನೂರು ವರ್ಷ ದಾಟಿದರೂ ಅದು ನಿಂತಿಲ್ಲ. ಅದರ ಮೊದಲ ತಾರೆಗಳಲ್ಲಿ ಡಿಫೋರ್ಡ್ ಬೇಲಿ ಒಬ್ಬರು. ಮೌತ್ ಆರ್ಗನ್ನಿನಲ್ಲಿ ಓಡುವ ರೈಲನ್ನೇ ಕಿವಿಗೆ ತರುತ್ತಿದ್ದ ಕಪ್ಪು ಕಲಾವಿದ. ರೇಡಿಯೊದಲ್ಲಿ ಮೈಬಣ್ಣ ಕಾಣುತ್ತಿರಲಿಲ್ಲ. ಊರೂರು ತಿರುಗಾಟಕ್ಕೆ ಹೋದಾಗ ಮಾತ್ರ ಸಹ ಕಲಾವಿದರು ಇಳಿದ ಹೋಟೆಲಿನಲ್ಲಿ ಅವರಿಗೆ ಕೋಣೆ ಸಿಗುತ್ತಿರಲಿಲ್ಲ. 1941ರಲ್ಲಿ ಅವರನ್ನು ಕೆಲಸದಿಂದ ತೆಗೆಯಲಾಯಿತು. ಆ ಬಳಿಕ ಬೂಟು ಪಾಲಿಶ್ ಅಂಗಡಿ ನಡೆಸಿ ಬದುಕಿದ ಬೇಲಿಗೆ ಕಂಟ್ರಿ ಮ್ಯೂಸಿಕ್ ಹಾಲ್ ಆಫ್ ಫೇಮ್‌ನ ಮನ್ನಣೆ ಸಿಕ್ಕಿದ್ದು 2005ರಲ್ಲಿ, ಅವರು ತೀರಿಕೊಂಡು ಎರಡು ದಶಕ ಕಳೆದ ಮೇಲೆ.

ಇದೇ ಆಪ್ರಿಯನ್ನು ಮಿಸಿಸಿಪ್ಪಿಯ ಹತ್ತಿ ಹೊಲದ ಮನೆಯಲ್ಲಿ ಅಪ್ಪನ ಫಿಲ್ಕೊ ರೇಡಿಯೊದಲ್ಲಿ ಕೇಳುತ್ತ ಬೆಳೆದವರು ಚಾರ್ಲಿ ಪ್ರೈಡ್. ಬೇಸ್‌ಬಾಲ್ ಆಡಿ, ಮೊಂಟಾನಾದ ಲೋಹ ಕರಗಿಸುವ ಕಾರ್ಖಾನೆಯಲ್ಲಿ ದುಡಿದು, ಕೊನೆಗೆ ಆರ್‌ಸಿಎ ಕಂಪನಿಗೆ ಹಾಡತೊಡಗಿದಾಗ ಕಂಪನಿ ಅವರ ಮೊದಲ ತಟ್ಟೆಗಳನ್ನು ಫೋಟೊ ಇಲ್ಲದೆ ರೇಡಿಯೊ ಕೇಂದ್ರಗಳಿಗೆ ಕಳಿಸಿತು. ಕೇಳುಗರು ಹಾಡು ಮೆಚ್ಚಿದ ಮೇಲೆ ಹಾಡಿದವರು ಯಾರೆಂದು ತಿಳಿದುಕೊಂಡರು. 1971ರಲ್ಲಿ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್ ಅವರನ್ನು ವರ್ಷದ ಕಲಾವಿದ ಎಂದು ಆರಿಸಿತು. ಅವರ ಸುಮಾರು 30 ಹಾಡುಗಳು ಜನಪ್ರಿಯ ಹಾಡುಗಳ ಕಂಟ್ರಿ ಪಟ್ಟಿಯ ಮೊದಲ ಸ್ಥಾನ ಏರಿದವು.

ರೇಡಿಯೊ ತಲುಪದ ಕಡೆಗೆ ಜನರೇ ಹಾಡನ್ನು ಹೊತ್ತು ನಡೆದರು. 1930ರ ದಶಕದ ಬರ ಮತ್ತು ದೂಳಿನ ಬಿರುಗಾಳಿಗೆ ಹೊಲ ಕಳೆದುಕೊಂಡ ಓಕ್ಲಹೋಮಾದ ರೈತರು ಗಂಟುಮೂಟೆ ಕಟ್ಟಿ ಕ್ಯಾಲಿಫೋರ್ನಿಯಾ ಸೇರಿದರು. ಕೆಂಟಕಿ, ಟೆನೆಸಿಯ ಗುಡ್ಡದವರು ಡೆಟ್ರಾಯಿಟ್‌ನ ಕಾರು ಕಾರ್ಖಾನೆಗಳಿಗೆ, ಶಿಕಾಗೊಗೆ ಕೂಲಿ ಅರಸಿ ಹೋದರು. ಎರಡನೇ ಮಹಾಯುದ್ಧದ ಸೇನಾ ಶಿಬಿರಗಳಲ್ಲಿ ನ್ಯೂಯಾರ್ಕಿನ ಹುಡುಗನೂ ಟೆಕ್ಸಸ್‌ನ ಹುಡುಗನೂ ಒಂದೇ ಗಿಟಾರಿನ ಸುತ್ತ ಕೂತರು. ಊರು ಬಿಟ್ಟ ಸಂಕಟ, ಬಾಡಿಗೆ ಮನೆ, ಕಾರ್ಖಾನೆಯ ಪಾಳಿ, ಹೆಂಡತಿ ಮಕ್ಕಳ ಮುನಿಸು, ಕುಡಿತ, ಪಶ್ಚಾತ್ತಾಪ, ಅಮ್ಮನ ಪ್ರಾರ್ಥನೆ ಇವೆಲ್ಲ ಮೂರು ನಿಮಿಷದ ಕಥೆಗಳಾದವು.

ಕಂಟ್ರಿಯ ನಿಜವಾದ ಬಲ ಈ ಕಥೆ ಹೇಳುವ ಬಗೆಯಲ್ಲಿದೆ. ಒಳ್ಳೆಯ ಕಂಟ್ರಿ ಹಾಡು ಒಬ್ಬ ವ್ಯಕ್ತಿಯ ಬಾಯಿಂದ ಬರುತ್ತದೆ. ಆ ವ್ಯಕ್ತಿಗೊಂದು ಊರು, ಒಂದು ಕಸುಬು, ಒಂದು ತಾಪತ್ರಯ ಇರುತ್ತದೆ. ಅದು ಆ ತಾಪತ್ರಯದ ವಿವರ ಕೊಡುತ್ತದೆ, ಪರಿಹಾರ ಸೂಚಿಸುವ ಗೋಜಿಗೆ ಹೆಚ್ಚಾಗಿ ಹೋಗುವುದಿಲ್ಲ. ಸಂಬಳ ಸಾಲದ ತಿಂಗಳ ಕೊನೆ ಎಲ್ಲ ಪಕ್ಷದವರ ಮನೆಗೂ ಬರುತ್ತದೆ. ಅದಕ್ಕೆ ಸರ್ಕಾರ ಕಾರಣವೋ, ಕಂಪನಿ ಕಾರಣವೋ, ಹಣೆಬರಹವೋ ಎಂಬುದನ್ನು ಕೇಳುಗರು ತಮ್ಮ ತಮ್ಮ ನಂಬಿಕೆಗೆ ತಕ್ಕಂತೆ ತುಂಬಿಕೊಳ್ಳುತ್ತಾರೆ.

ರಾಜಕಾರಣಿಗಳ ಕಣ್ಣು

ಇಷ್ಟು ಜನ ಒಂದೆಡೆ ಕಿವಿಗೊಟ್ಟಾಗ ರಾಜಕಾರಣಿಗಳ ಕಣ್ಣು ಬೀಳದೆ ಇರುತ್ತದೆಯೇ? 'ಯು ಆರ್ ಮೈ ಸನ್‌ಶೈನ್' ಹಾಡಿನಿಂದ ಮನೆಮಾತಾದ ಜಿಮ್ಮಿ ಡೇವಿಸ್ ಡೆಮಾಕ್ರಟಿಕ್ ಪಕ್ಷದಿಂದ ಎರಡು ಬಾರಿ ಲೂಸಿಯಾನಾದ ಗವರ್ನರ್ ಆದರು. ಆಪ್ರಿಯ ದೊಡ್ಡ ಹೆಸರು ರಾಯ್ ಎಕಫ್ 1948ರಲ್ಲಿ ಟೆನೆಸಿಯಲ್ಲಿ ಗವರ್ನರ್ ಹುದ್ದೆಗೆ ರಿಪಬ್ಲಿಕನ್ ಅಭ್ಯರ್ಥಿಯಾಗಿ ನಿಂತು ಸೋತರು. ಅವರ ಹಾಡು ಕೇಳಲು ಬಂದ ಜನವೆಲ್ಲ ಅವರಿಗೆ ಮತ ಹಾಕಲಿಲ್ಲ. ವರ್ಣಭೇದದ ಪರ ನಿಂತ ಅಲಬಾಮಾದ ಜಾರ್ಜ್ ವ್ಯಾಲೇಸ್ 1968ರಲ್ಲಿ ಅಧ್ಯಕ್ಷ ಪದವಿಗೆ ಸ್ಪರ್ಧಿಸಿದಾಗ ಸಭೆಗಳಲ್ಲಿ ಕಂಟ್ರಿ ತಂಡಗಳನ್ನು ಕೂರಿಸಿದರು. ದಕ್ಷಿಣದ ಬಿಳಿಯರ ಮತಗಳನ್ನು ಡೆಮಾಕ್ರಟರಿಂದ ಕಿತ್ತುಕೊಳ್ಳಲು ಹೊರಟಿದ್ದ ರಿಪಬ್ಲಿಕನ್ ಅಧ್ಯಕ್ಷ ರಿಚರ್ಡ್ ನಿಕ್ಸನ್ 1970ರ ಅಕ್ಟೋಬರನ್ನು ಕಂಟ್ರಿ ಸಂಗೀತದ ಮಾಸವೆಂದು ಘೋಷಿಸಿದರು. 1974ರಲ್ಲಿ ಆಪ್ರಿಯ ಹೊಸ ಸಭಾಂಗಣದ ಉದ್ಘಾಟನೆಗೆ ಬಂದು ವೇದಿಕೆಯಲ್ಲೇ ಪಿಯಾನೊ ನುಡಿಸಿದರು. ಕಂಟ್ರಿಗೆ ಬಲಪಂಥದ ಬಣ್ಣ ಗಟ್ಟಿಯಾಗಿ ಹತ್ತಿದ್ದು ಈ ವರ್ಷಗಳಲ್ಲಿ.

ಆದರೆ ಹಾಡುಗಾರರು ಆ ಚೌಕಟ್ಟಿಗೆ ಸುಲಭಕ್ಕೆ ಸಿಕ್ಕವರಲ್ಲ.

1970ರ ಏಪ್ರಿಲ್‌ನಲ್ಲಿ ನಿಕ್ಸನ್ ಕಂಟ್ರಿ ಗಾಯಕ ಜಾನಿ ಕ್ಯಾಶ್ ಅವರನ್ನು ಶ್ವೇತಭವನಕ್ಕೆ ಕರೆಸಿದರು. ಹಿಪ್ಪಿಗಳನ್ನೂ ಯುದ್ಧವಿರೋಧಿಗಳನ್ನೂ ಹಂಗಿಸುವ 'ಓಕಿ ಫ್ರಮ್ ಮಸ್ಕೋಗಿ', ಸರ್ಕಾರಿ ನೆರವು ಪಡೆಯುವ ಬಡವರನ್ನು ಲೇವಡಿ ಮಾಡುವ 'ವೆಲ್‌ಫೇರ್ ಕ್ಯಾಡಿಲಾಕ್' ಹಾಡಬೇಕೆಂದು ಅಧ್ಯಕ್ಷರ ಕಡೆಯಿಂದ ಕೋರಿಕೆ ಹೋಗಿತ್ತು. ಅವು ತಮ್ಮ ಹಾಡುಗಳಲ್ಲ ಎಂದು ಕ್ಯಾಶ್ ನಯವಾಗಿಯೇ ತಳ್ಳಿಹಾಕಿ, ಯುವಜನರ ಪ್ರಶ್ನೆಗಳಿಗೆ ದನಿಗೊಡುವ ತಮ್ಮ 'ವಾಟ್ ಈಸ್ ಟ್ರೂತ್' ಹಾಡಿದರು. 1964ರಲ್ಲೇ ಅವರು ಮೂಲನಿವಾಸಿಗಳಿಗೆ ಆದ ಅನ್ಯಾಯದ ಬಗ್ಗೆ 'ಬಿಟರ್ ಟಿಯರ್ಸ್' ಎಂಬ ಇಡೀ ಆಲ್ಬಮ್ ತಂದಿದ್ದರು. 1968ರಲ್ಲಿ ಫೋಲ್ಸಮ್ ಸೆರೆಮನೆಯ ಕೈದಿಗಳ ಮುಂದೆ ಹಾಡಿ ಅದನ್ನೇ ಆಲ್ಬಮ್ ಮಾಡಿದ್ದರು. ಹಾಗೆಂದು ಅವರು ಸೈನಿಕರ ಕೈಬಿಡಲಿಲ್ಲ. ವಿಯೆಟ್ನಾಮಿಗೆ ಹೋಗಿ ಅವರ ಮುಂದೆಯೂ ಹಾಡಿ ಬಂದರು. ಚರ್ಚಿಗೆ ಹೋಗುವವರಿಗೂ ಜೈಲಿಗೆ ಹೋದವರಿಗೂ ಅವರು ಒಟ್ಟಿಗೆ ಬೇಕಾದರು.

'ಓಕಿ ಫ್ರಮ್ ಮಸ್ಕೋಗಿ' ಬರೆದು ಹಾಡಿದ ಮರ್ಲ್ ಹ್ಯಾಗರ್ಡ್ ಬದುಕೂ ಅಷ್ಟೇ ಸಿಕ್ಕುಸಿಕ್ಕಾದುದು. ಓಕ್ಲಹೋಮಾದಿಂದ ವಲಸೆ ಬಂದ ಅವರ ಕುಟುಂಬ ಕ್ಯಾಲಿಫೋರ್ನಿಯಾದ ಬೇಕರ್ಸ್‌ಫೀಲ್ಡ್ ಬಳಿ ಹಳೆಯ ರೈಲು ಡಬ್ಬಿಯೊಂದನ್ನು ಮನೆ ಮಾಡಿಕೊಂಡು ಬಾಳಿತು. ಹ್ಯಾಗರ್ಡ್ ಕಳ್ಳತನಕ್ಕೆ ಕೈಹಾಕಿ ಸ್ಯಾನ್ ಕ್ವೆಂಟಿನ್ ಜೈಲು ಸೇರಿದರು. ಅಲ್ಲಿ ಹಾಡಲು ಬಂದ ಕ್ಯಾಶ್‌ರನ್ನು ಕೈದಿಗಳ ಸಾಲಿನಲ್ಲಿ ಕೂತು ಕೇಳಿದರು. 1972ರಲ್ಲಿ ಅವರಿಗೆ ಪೂರ್ಣ ಕ್ಷಮಾದಾನ ಕೊಟ್ಟವರು ಆಗ ಕ್ಯಾಲಿಫೋರ್ನಿಯಾದ ಗವರ್ನರ್ ಆಗಿದ್ದ ರೊನಾಲ್ಡ್ ರೇಗನ್. 1969ರ ಆ ಒಂದು ಹಾಡು ಹ್ಯಾಗರ್ಡ್‌ರನ್ನು ಬಲಪಂಥದ ದನಿಯನ್ನಾಗಿ ಮಾಡಿಬಿಟ್ಟಿತು. ಅದೇ ಮನುಷ್ಯ ಕಪ್ಪು ಹುಡುಗಿ ಮತ್ತು ಬಿಳಿ ಹುಡುಗನ ಪ್ರೇಮದ ಬಗ್ಗೆ 'ಇರ್ಮಾ ಜಾಕ್ಸನ್' ಬರೆದಿದ್ದರು. ಕಂಪನಿ ಹಿಂಜರಿದುದರಿಂದ ಅದು ಹೊರಬರಲು ಸಮಯ ಹಿಡಿಯಿತು. 2007ರಲ್ಲಿ ಅವರು ಹಿಲರಿ ಕ್ಲಿಂಟನ್ ಪರವಾಗಿ ಹಾಡು ಕಟ್ಟಿದರು.

ಹೆಣ್ಣುಮಕ್ಕಳ ವಿಷಯಕ್ಕೆ ಬಂದರೆ ಲೊರೆಟ್ಟಾ ಲಿನ್ ಹೆಸರು ಮೊದಲು ಬರಬೇಕು. ಕೆಂಟಕಿಯ ಕಲ್ಲಿದ್ದಲು ಗಣಿ ಕಾರ್ಮಿಕನ ಮಗಳು, ಹರೆಯದಲ್ಲೇ ಮದುವೆಯಾಗಿ ಇಪ್ಪತ್ತು ತುಂಬುವಷ್ಟರಲ್ಲಿ ಮಕ್ಕಳ ತಾಯಿ. 1975ರಲ್ಲಿ ಹೊರಬಂದ ಅವರ 'ದ ಪಿಲ್' ಗರ್ಭನಿರೋಧಕ ಗುಳಿಗೆಯ ಬಗ್ಗೆ, ವರ್ಷ ವರ್ಷ ಬಸಿರಾಗಿ ಸಾಕಾದ ಹೆಂಡತಿ ಗಂಡನಿಗೆ ಹೇಳುವ ಮಾತು. ಹಲವು ರೇಡಿಯೊ ಕೇಂದ್ರಗಳು ಅದನ್ನು ನಿಷೇಧಿಸಿದವು. ಆದರೂ ಅದು ಕಂಟ್ರಿ ಪಟ್ಟಿಯ ಮೊದಲ ಐದರೊಳಗೆ ಬಂತು. ಹಳ್ಳಿಯ ಹೆಂಗಸರಿಗೆ ಅದನ್ನು ಹೇಳಿಕೊಡಲು ಸ್ತ್ರೀವಾದದ ಪುಸ್ತಕ ಬೇಕಾಗಲಿಲ್ಲ. ಅದೇ ಲೊರೆಟ್ಟಾ ಲಿನ್ 1988ರಲ್ಲಿ ಹಿರಿಯ ಜಾರ್ಜ್ ಬುಷ್ ಪರ, 2016ರಲ್ಲಿ ಡೊನಾಲ್ಡ್ ಟ್ರಂಪ್ ಪರ ನಿಂತರು. ಸ್ತ್ರೀವಾದಿಗಳು ಇಂದಿಗೂ ಅವರನ್ನು ತಮ್ಮವರೆಂದೇ ಕೇಳುತ್ತಾರೆ.

ಎಲ್ಲರ ಡಾಲಿ

1970ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಉದ್ದ ಕೂದಲು ಬಿಟ್ಟ ಹಿಪ್ಪಿಗೂ ಕೌಬಾಯ್ ಟೋಪಿಯ ಹಳ್ಳಿಗನಿಗೂ ಎದುರು ಬದುರಾದರೆ ಕೈ ಕೈ ಮಿಲಾಯಿಸುವ ಸ್ಥಿತಿ ಇತ್ತು. ಟೆಕ್ಸಸ್‌ನ ಆಸ್ಟಿನ್‌ನಲ್ಲಿ ಆರ್ಮಡಿಲ್ಲೊ ವರ್ಲ್ಡ್ ಹೆಡ್‌ಕ್ವಾರ್ಟರ್ಸ್ ಎಂಬ ಸಭಾಂಗಣ ಹಿಪ್ಪಿಗಳ ಅಡ್ಡೆಯಾಗಿತ್ತು. 1972ರ ಆಗಸ್ಟ್‌ನಲ್ಲಿ ನ್ಯಾಶ್‌ವಿಲ್ ಬಿಟ್ಟುಬಂದ ವಿಲ್ಲಿ ನೆಲ್ಸನ್ ಅಲ್ಲಿ ಹಾಡಿದಾಗ ಎರಡೂ ಬಗೆಯ ಜನ ಒಂದೇ ಕಡೆ ಸೇರಿ ಬಿಯರ್ ಕುಡಿದು ಕುಣಿದರು. ನೆಲ್ಸನ್ ತಾವೇ ಕೂದಲು ಬೆಳೆಸಿ ಜಡೆ ಹಾಕಿಕೊಂಡರು. ಮುಂದೆ ಅವರೂ ಸೇರಿದ 'ವಾಂಟೆಡ್! ದ ಔಟ್‌ಲಾಸ್' 1976ರಲ್ಲಿ ಹತ್ತು ಲಕ್ಷ ಪ್ರತಿ ಮಾರಾಟದ ಮನ್ನಣೆ ಪಡೆದ ಮೊದಲ ಕಂಟ್ರಿ ಆಲ್ಬಮ್ ಆಯಿತು.

ಇವತ್ತಿನ ಅಮೆರಿಕದಲ್ಲಿ ಎರಡೂ ಪಕ್ಷದವರು ಮನಸ್ಸು ಬಿಚ್ಚಿ ಮೆಚ್ಚುವ ವ್ಯಕ್ತಿ ಯಾರು ಎಂದರೆ ಹೆಚ್ಚಿನವರ ಬಾಯಿಗೆ ಬರುವ ಹೆಸರು ಡಾಲಿ ಪಾರ್ಟನ್. 1946ರಲ್ಲಿ ಟೆನೆಸಿಯ ಗುಡ್ಡದ ಒಂದು ಕೋಣೆಯ ಗುಡಿಸಲಲ್ಲಿ, ಹನ್ನೆರಡು ಮಕ್ಕಳಲ್ಲಿ ಒಬ್ಬರಾಗಿ ಹುಟ್ಟಿದವರು. ಹೆರಿಗೆ ಮಾಡಿಸಿದ ವೈದ್ಯರಿಗೆ ಅಪ್ಪ ದುಡ್ಡಿಗೆ ಬದಲಾಗಿ ಒಂದು ಚೀಲ ಮೆಕ್ಕೆಜೋಳದ ಹಿಟ್ಟು ಕೊಟ್ಟಿದ್ದರು. ಅಪ್ಪನಿಗೆ ಓದು ಬರಹ ಬರುತ್ತಿರಲಿಲ್ಲ. ಆ ಕೊರಗಿನಿಂದಲೇ ಡಾಲಿ 1995ರಲ್ಲಿ ತಮ್ಮ ಜಿಲ್ಲೆಯ ಎಳೆಯ ಮಕ್ಕಳಿಗೆ ತಿಂಗಳಿಗೊಂದು ಪುಸ್ತಕ ಅಂಚೆಯಲ್ಲಿ ಕಳಿಸುವ ಯೋಜನೆ ಆರಂಭಿಸಿದರು. ಅದು ಹಲವು ದೇಶಗಳಿಗೆ ಹಬ್ಬಿ 20 ಕೋಟಿಗೂ ಹೆಚ್ಚು ಪುಸ್ತಕ ಹಂಚಿದೆ. 2020ರಲ್ಲಿ ಅವರು ವ್ಯಾಂಡರ್‌ಬಿಲ್ಟ್ ವೈದ್ಯಕೀಯ ಕೇಂದ್ರಕ್ಕೆ ಕೊಟ್ಟ 10 ಲಕ್ಷ ಡಾಲರಿನಲ್ಲಿ ಒಂದು ಪಾಲು ಮಾಡರ್ನಾ ಕೋವಿಡ್ ಲಸಿಕೆಯ ಸಂಶೋಧನೆಗೆ ಹೋಯಿತು.

ಅವರ ಕಾರ್ಯಕ್ರಮದಲ್ಲಿ ಚರ್ಚಿನ ಅಜ್ಜಿಯರೂ, ಸಲಿಂಗಪ್ರೇಮಿ ಜೋಡಿಗಳೂ, ಬೂಟು ತೊಟ್ಟ ರೈತರೂ ಅಕ್ಕಪಕ್ಕ ನಿಲ್ಲುತ್ತಾರೆ. ಕಚೇರಿಯಲ್ಲಿ ದುಡಿಯುವ ಹೆಣ್ಣುಮಕ್ಕಳ ಬೇಗುದಿಯ '9 ಟು 5' ಕೇಳಿ ಎಲ್ಲರೂ ಒಟ್ಟಿಗೆ ಹಾಡುತ್ತಾರೆ. ಡಾಲಿ ಯಾವ ಪಕ್ಷಕ್ಕೂ ಪ್ರಚಾರ ಮಾಡುವುದಿಲ್ಲ. ಆದರೆ ಸಲಿಂಗಪ್ರೇಮಿಗಳ ಬಗ್ಗೆ, ಕಪ್ಪು ಜನರ ಬದುಕಿನ ಬಗ್ಗೆ ಕೇಳಿದಾಗ ತಮ್ಮ ನಿಲುವನ್ನು ಮುಚ್ಚಿಟ್ಟೂ ಇಲ್ಲ.

ಗೋಡೆ ಗಟ್ಟಿಯಾದ ದಿನಗಳು

ಡಾಲಿಗೆ ಸಿಕ್ಕ ಈ ವಿನಾಯಿತಿ ಎಲ್ಲರಿಗೂ ಸಿಗಲಿಲ್ಲ. 2003ರ ಮಾರ್ಚ್ 10ರಂದು, ಇರಾಕ್ ಯುದ್ಧಕ್ಕೆ ಕೆಲವೇ ದಿನ ಇದ್ದಾಗ, ಲಂಡನ್ನಿನ ವೇದಿಕೆಯಲ್ಲಿ ಡಿಕ್ಸಿ ಚಿಕ್ಸ್ ತಂಡದ ನಟಾಲಿ ಮೇನ್ಸ್ ಅಂದಿನ ಅಧ್ಯಕ್ಷ ಕಿರಿಯ ಜಾರ್ಜ್ ಬುಷ್ ತಮ್ಮ ಟೆಕ್ಸಸ್‌ನವರು ಎಂಬುದಕ್ಕೆ ನಾಚಿಕೆಯಾಗುತ್ತದೆ ಎಂದರು. ಆ ಹೊತ್ತಿಗೆ ಸೈನಿಕನ ಪ್ರೇಮದ ಬಗ್ಗೆ ಅವರು ಹಾಡಿದ 'ಟ್ರಾವೆಲಿನ್ ಸೋಲ್ಜರ್' ಪಟ್ಟಿಯ ತುದಿಯಲ್ಲಿತ್ತು. ಸುದ್ದಿ ಅಮೆರಿಕ ತಲುಪಿದ್ದೇ ತಡ, ಕಂಟ್ರಿ ರೇಡಿಯೊ ಕೇಂದ್ರಗಳು ಅವರ ಹಾಡುಗಳನ್ನು ಕಿತ್ತು ಹಾಕಿದವು. ಸಿಡಿಗಳನ್ನು ರಾಶಿ ಹಾಕಿ ಯಂತ್ರದ ಚಕ್ರದಡಿ ಪುಡಿ ಮಾಡಲಾಯಿತು. ಮೇನ್ಸ್‌ಗೆ ಕೊಲೆ ಬೆದರಿಕೆ ಬಂತು. ಆಗ ಅವರ ಮಾತಿನ ಹಕ್ಕಿನ ಪರ ದನಿಯೆತ್ತಿದವರಲ್ಲಿ ಮರ್ಲ್ ಹ್ಯಾಗರ್ಡ್ ಇದ್ದರು. ಸಂಸತ್ತಿನ ವಿಚಾರಣೆಯಲ್ಲಿ ರೇಡಿಯೊ ಕಂಪನಿಗಳ ಬಹಿಷ್ಕಾರವನ್ನು ಟೀಕಿಸಿದವರು ರಿಪಬ್ಲಿಕನ್ ಸೆನೆಟರ್ ಜಾನ್ ಮೆಕೇನ್. ನಾಲ್ಕು ವರ್ಷಗಳ ನಂತರ ಆ ತಂಡ ಒಂದೇ ರಾತ್ರಿ ಐದು ಗ್ರ್ಯಾಮಿ ಪ್ರಶಸ್ತಿ ಗೆದ್ದಿತು.

ಈ ಪ್ರಸಂಗ ಕಲಿಸುವುದು ಸ್ಪಷ್ಟವಾಗಿದೆ. ಕೆಲವೇ ಕಂಪನಿಗಳ ಕೈಯಲ್ಲಿ ನೂರಾರು ರೇಡಿಯೊ ಕೇಂದ್ರಗಳಿದ್ದಾಗ, ಕೇಳುಗರು ಹಾಡನ್ನು ಬಿಡುವ ಮೊದಲೇ ಕಂಪನಿ ಬಿಡಿಸಿಬಿಡಬಲ್ಲದು. ಕಪ್ಪು ಕಲಾವಿದರಿಗೆ ಇದು ಹಳೆಯ ಅನುಭವ. 2019ರಲ್ಲಿ ಲಿಲ್ ನಾಸ್ ಎಕ್ಸ್ ಎಂಬ ಹುಡುಗನ 'ಓಲ್ಡ್ ಟೌನ್ ರೋಡ್' ಕಂಟ್ರಿ ಪಟ್ಟಿ ಏರುತ್ತಿದ್ದಾಗ ಪಟ್ಟಿ ಪ್ರಕಟಿಸುವ ಪತ್ರಿಕೆ ಬಿಲ್‌ಬೋರ್ಡ್ ಅದನ್ನು ಆ ಪಟ್ಟಿಯಿಂದ ತೆಗೆದುಹಾಕಿತು. ಎಲ್ಲ ಬಗೆಯ ಹಾಡುಗಳ ಮುಖ್ಯ ಪಟ್ಟಿಯಲ್ಲಿ ಅದೇ ಹಾಡು 19 ವಾರ ಮೊದಲ ಸ್ಥಾನದಲ್ಲಿ ಕೂತು ದಾಖಲೆ ಬರೆಯಿತು. 2024ರಲ್ಲಿ ಕಪ್ಪು ಗಾಯಕಿ ಬಿಯಾನ್ಸೆ 'ಕೌಬಾಯ್ ಕಾರ್ಟರ್' ಆಲ್ಬಮ್ ತಂದರು. ಅದರಲ್ಲಿ ಲಿಂಡಾ ಮಾರ್ಟೆಲ್ ದನಿಯೂ ಇದೆ. 1969ರಲ್ಲಿ ಆಪ್ರಿ ವೇದಿಕೆಯಲ್ಲಿ ಒಬ್ಬಂಟಿಯಾಗಿ ಹಾಡಿದ ಮೊದಲ ಕಪ್ಪು ಮಹಿಳೆ ಅವರು. 2024ರ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್ ಪ್ರಶಸ್ತಿಗಳಿಗೆ ಬಿಯಾನ್ಸೆಗೆ ಒಂದು ನಾಮನಿರ್ದೇಶನವೂ ಸಿಗಲಿಲ್ಲ. ಕೆಲವೇ ತಿಂಗಳಲ್ಲಿ ಗ್ರ್ಯಾಮಿ 'ಕೌಬಾಯ್ ಕಾರ್ಟರ್' ಅನ್ನು ವರ್ಷದ ಅತ್ಯುತ್ತಮ ಆಲ್ಬಮ್ ಎಂದು ಸಾರಿತು. ನೈಜೀರಿಯ ಮೂಲದ ತಂದೆ ತಾಯಿಯ ಮಗ ಶಬೂಜಿ ಹಾಡಿದ ಕಂಟ್ರಿ ಹಾಡು ಅದೇ 2024ರಲ್ಲಿ 19 ವಾರಗಳ ದಾಖಲೆಯನ್ನು ಸರಿಗಟ್ಟಿತು. ಜನ ಯಾವತ್ತೋ ದಾಟಿದ ಹೊಸ್ತಿಲನ್ನು ಉದ್ಯಮ ಇನ್ನೂ ದಾಟುತ್ತಿದೆ.

ಗಡಿಯಾಚೆಯ ಊರುಗಳು

ಈ ಜಗಳದ ಹೊರಗಿರುವ ಜನರೂ ಕಂಟ್ರಿಯನ್ನು ತಮ್ಮದಾಗಿಸಿಕೊಂಡಿದ್ದಾರೆ. ಅರಿಜೋನಾದ ವಿಂಡೋ ರಾಕ್‌ನಿಂದ ನವಾಹೊ ಮೂಲನಿವಾಸಿಗಳ ಕೆಟಿಎನ್‌ಎನ್ ರೇಡಿಯೊ ನವಾಹೊ ಭಾಷೆಯ ಮಾತಿನ ನಡುವೆ ಕಂಟ್ರಿ ಹಾಡು ಹಾಕುತ್ತದೆ. ಅಲ್ಲಿನ ಯುವಕರಿಗೆ ತಮ್ಮದೇ ಕಂಟ್ರಿ ತಂಡಗಳಿವೆ. ಟೆಕ್ಸಸ್‌ನ ಮೆಕ್ಸಿಕನ್ ವಲಸೆ ಕೂಲಿಗಳ ಮಗ ಫ್ರೆಡ್ಡಿ ಫೆಂಡರ್ 1975ರಲ್ಲಿ ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಬೆರೆಸಿ ಹಾಡಿದ ಹಾಡು ಕಂಟ್ರಿ ಪಟ್ಟಿಯನ್ನೂ ಮುಖ್ಯ ಪಟ್ಟಿಯನ್ನೂ ಗೆದ್ದಿತು. ಆಸ್ಟ್ರೇಲಿಯಾದ ಟ್ಯಾಮ್‌ವರ್ತ್‌ನಲ್ಲಿ 1973ರಿಂದ ನಡೆಯುವ ಕಂಟ್ರಿ ಹಬ್ಬದ ದೊಡ್ಡ ತಾರೆಗಳಲ್ಲಿ ಟ್ರಾಯ್ ಕ್ಯಾಸರ್-ಡೇಲಿಯಂಥ ಮೂಲನಿವಾಸಿ ಗಾಯಕರಿದ್ದಾರೆ.

1964ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡ ಜಿಮ್ ರೀವ್ಸ್‌ರ ಮೆಲುದನಿಗೆ ನೈಜೀರಿಯ, ದಕ್ಷಿಣ ಆಫ್ರಿಕ, ಶ್ರೀಲಂಕಾ, ನಾರ್ವೆಗಳಲ್ಲಿ ಇಂದಿಗೂ ಅಭಿಮಾನಿಗಳಿದ್ದಾರೆ. ಬೆಂಗಳೂರಿನ ದಂಡುಪ್ರದೇಶ ಮತ್ತು ಕೆಜಿಎಫ್‌ನ ಆಂಗ್ಲೋ-ಇಂಡಿಯನ್ ಮನೆಗಳಲ್ಲೂ ಆ ದನಿ ಆಪ್ತವಾಗಿತ್ತು. ಕಾಲೇಜು ಪ್ರವಾಸದ ಬಸ್ಸುಗಳಲ್ಲಿ ನಮ್ಮ ಹುಡುಗರೂ ಹಾಡುವ ಜಾನ್ ಡೆನ್ವರ್‌ರ 'ಕಂಟ್ರಿ ರೋಡ್ಸ್' 1971ರದು. ವೆಸ್ಟ್ ವರ್ಜೀನಿಯಾವನ್ನು ಕೊಂಡಾಡುವ ಆ ಹಾಡಿನ ಹೊಳಹು ಬರೆದವರಿಗೆ ಸಿಕ್ಕಿದ್ದು ಮೇರಿಲ್ಯಾಂಡಿನ ರಸ್ತೆಯೊಂದರಲ್ಲಿ. 1975ರಲ್ಲಿ ಡೆನ್ವರ್‌ಗೆ ವರ್ಷದ ಕಲಾವಿದ ಪ್ರಶಸ್ತಿ ಬಂದಾಗ, ಹೆಸರು ಓದಬೇಕಾದ ಗಾಯಕ ಚಾರ್ಲಿ ರಿಚ್ ಆ ಚೀಟಿಗೆ ವೇದಿಕೆಯಲ್ಲೇ ಲೈಟರ್ ಹಚ್ಚಿದರು. 2014ರಲ್ಲಿ ವೆಸ್ಟ್ ವರ್ಜೀನಿಯಾ ಅದೇ ಹಾಡನ್ನು ತನ್ನ ಅಧಿಕೃತ ರಾಜ್ಯಗೀತೆಗಳಲ್ಲಿ ಒಂದಾಗಿ ಸೇರಿಸಿಕೊಂಡಿತು.

ಎರಡು ಹಾಡು, ಒಂದು ಬೇಸಿಗೆ

2023ರ ಬೇಸಿಗೆ ಈ ಎಳೆದಾಟವನ್ನೆಲ್ಲ ಒಟ್ಟಿಗೆ ತೋರಿಸಿತು. ವರ್ಜೀನಿಯಾದ ಆಲಿವರ್ ಆಂಥನಿ ಎಂಬ ಅಪರಿಚಿತ ಗಾಯಕನ 'ರಿಚ್ ಮೆನ್ ನಾರ್ತ್ ಆಫ್ ರಿಚ್ಮಂಡ್' ಆಗಸ್ಟ್‌ನಲ್ಲಿ ನೇರವಾಗಿ ಪಟ್ಟಿಯ ಮೊದಲ ಸ್ಥಾನಕ್ಕೆ ಬಂತು. ದುಡಿದರೂ ಕೈಗೆ ಹತ್ತದ ಸಂಬಳದ ಬಗ್ಗೆ, ವಾಷಿಂಗ್ಟನ್ನಿನ ಸಿರಿವಂತರ ಬಗ್ಗೆ ಸಿಟ್ಟಿನ ಹಾಡು. ರಿಪಬ್ಲಿಕನ್ ನಾಯಕರು ಅದನ್ನು ಎತ್ತಿ ಆಡಿದರು. ಸರ್ಕಾರಿ ನೆರವು ಪಡೆಯುವವರನ್ನು ಹಳಿದ ಸಾಲುಗಳಿಗಾಗಿ ಎಡಪಂಥೀಯರು ಅದನ್ನು ಟೀಕಿಸಿದರು. ರಿಪಬ್ಲಿಕನ್ ಪಕ್ಷದ ಅಧ್ಯಕ್ಷೀಯ ಆಕಾಂಕ್ಷಿಗಳ ಚರ್ಚೆಯ ಮೊದಲ ಪ್ರಶ್ನೆಯೇ ಆ ಹಾಡಿನ ಬಗ್ಗೆ ಇತ್ತು. ವೇದಿಕೆಯ ಮೇಲೆ ನಿಂತಿದ್ದಂಥವರ ಬಗ್ಗೆಯೇ ತಾನು ಅದನ್ನು ಬರೆದದ್ದು ಎಂದು ಆಂಥನಿ ಬಳಿಕ ತಿಳಿಸಿದರು.

ಅದೇ ಬೇಸಿಗೆಯಲ್ಲಿ ಉತ್ತರ ಕೆರೊಲಿನಾದ ಲ್ಯೂಕ್ ಕೂಂಬ್ಸ್ ಹಾಡಿದ 'ಫಾಸ್ಟ್ ಕಾರ್' ಎಲ್ಲೆಡೆ ಮೊಳಗುತ್ತಿತ್ತು. ಅದು 1988ರಲ್ಲಿ ಟ್ರೇಸಿ ಚಾಪ್ಮನ್ ಬರೆದು ಹಾಡಿದ್ದು. ಕುಡುಕ ಅಪ್ಪ, ಅಂಗಡಿಯ ಕೂಲಿ, ಊರು ಬಿಟ್ಟು ಹೋಗುವ ಆಸೆ ಹೊತ್ತ ಹೆಣ್ಣಿನ ಕಥೆ. ಕೂಂಬ್ಸ್ ಬಾಲ್ಯದಲ್ಲಿ ಅಪ್ಪನ ಗಾಡಿಯಲ್ಲಿ ಅದನ್ನು ಕೇಳಿದವರು. ಮೂಲದಲ್ಲಿ ಹೆಣ್ಣು ಹೇಳುವ ಮಾತುಗಳನ್ನು ಅವರು ಗಂಡಿಗೆ ಹೊಂದುವಂತೆ ತಿದ್ದದೆ ಹಾಗೆಯೇ ಹಾಡಿದರು. ಆ ನವೆಂಬರಿನಲ್ಲಿ ಚಾಪ್ಮನ್ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್ನಿನ ವರ್ಷದ ಹಾಡು ಪ್ರಶಸ್ತಿ ಪಡೆದ ಮೊದಲ ಕಪ್ಪು ಗೀತರಚನಕಾರರಾದರು. 2024ರ ಫೆಬ್ರುವರಿ 4ರಂದು ಗ್ರ್ಯಾಮಿ ವೇದಿಕೆಯಲ್ಲಿ ಇಬ್ಬರೂ ಜೊತೆಯಾಗಿ ಅದನ್ನು ಹಾಡಿದಾಗ, ಚುನಾವಣೆಯ ವರ್ಷದ ಕಹಿಯಲ್ಲಿದ್ದ ದೇಶದಲ್ಲಿ ಎಡ ಬಲವೆನ್ನದೆ ಎಲ್ಲರೂ ಮೆಚ್ಚಿದರು.

ಮೆಚ್ಚುಗೆಯಿಂದ ಏನಾದರೂ ಆಗುತ್ತದೆಯೇ ಎಂದು ಕೇಳುವವರಿಗೆ ಫಾರ್ಮ್ ಏಡ್‌ನ ಉದಾಹರಣೆ ಇದೆ. 1980ರ ದಶಕದ ನಡುವಿನಲ್ಲಿ ಸಾಲ ತೀರಿಸಲಾಗದ ಸಾವಿರಾರು ಅಮೆರಿಕನ್ ರೈತರ ಜಮೀನು ಹರಾಜಾಗುತ್ತಿತ್ತು. 1985ರ ಸೆಪ್ಟೆಂಬರ್ 22ರಂದು ವಿಲ್ಲಿ ನೆಲ್ಸನ್, ನೀಲ್ ಯಂಗ್, ಜಾನ್ ಮೆಲೆನ್‌ಕ್ಯಾಂಪ್ ಸೇರಿ ಇಲಿನಾಯ್‌ನ ಶಾಂಪೇನ್ ಊರಿನಲ್ಲಿ ಅವರಿಗಾಗಿ ಕಾರ್ಯಕ್ರಮ ನಡೆಸಿದರು. ಸುಮಾರು 80,000 ಜನ ಸೇರಿದರು. ಬಳಿಕ ನೆಲ್ಸನ್ ಮತ್ತು ಮೆಲೆನ್‌ಕ್ಯಾಂಪ್ ರೈತರನ್ನು ಸಂಸತ್ತಿಗೆ ಕರೆದೊಯ್ದು ಅವರ ಬಾಯಿಂದಲೇ ಕಷ್ಟ ಹೇಳಿಸಿದರು. ಜಮೀನು ಉಳಿಸಿಕೊಳ್ಳಲು ಅವಕಾಶ ಕೊಡುವ ಕೃಷಿ ಸಾಲ ಕಾಯ್ದೆಯನ್ನು ಡೆಮಾಕ್ರಟರ ಬಹುಮತವಿದ್ದ ಸಂಸತ್ತು 1987ರಲ್ಲಿ ಅಂಗೀಕರಿಸಿತು. ರಿಪಬ್ಲಿಕನ್ ಅಧ್ಯಕ್ಷ ರೇಗನ್ 1988ರ ಜನವರಿಯಲ್ಲಿ ಸಹಿ ಹಾಕಿದರು. 2025ರ ಸೆಪ್ಟೆಂಬರಿನಲ್ಲಿ ಮಿನಿಯಾಪೊಲಿಸ್‌ನಲ್ಲಿ ಫಾರ್ಮ್ ಏಡ್‌ನ 40ನೇ ವರ್ಷದ ಕಾರ್ಯಕ್ರಮ ನಡೆದಾಗ 92ರ ನೆಲ್ಸನ್ ಮತ್ತೆ ಗಿಟಾರು ಹಿಡಿದಿದ್ದರು. ಈವರೆಗೆ ಸಂಗ್ರಹವಾದ ಹಣ 8 ಕೋಟಿ ಡಾಲರ್ ದಾಟಿದೆ. ಸಾಲ, ಬರ, ನೆರೆಗೆ ಸಿಕ್ಕ ರೈತ ಕುಟುಂಬಗಳು ಫಾರ್ಮ್ ಏಡ್ ನಡೆಸುವ ಸಹಾಯವಾಣಿಗೆ ಇವತ್ತೂ ಕರೆ ಮಾಡಿ ನೆರವು ಪಡೆಯುತ್ತಿವೆ.